ಹಳ್ಳಿ ಮಕ್ಕಳಿಗೆ ವಿದೇಶಾಂಗ ನೀತಿ ಯಾಕೆ ಎಂದವರಿಗೆ

ಮೂವತ್ತೊಂದು ವರ್ಷ ನಾನು ರಾಜ್ಯಶಾಸ್ತ್ರ ಪಾಠ ಮಾಡಿದೆ. ಮೊದಲ ಹತ್ತೊಂಬತ್ತು ವರ್ಷ ಗುಂಡ್ಲುಪೇಟೆಯಲ್ಲಿ, ಉಳಿದದ್ದು ಚಾಮರಾಜನಗರದಲ್ಲಿ. ಯಾವ ವರ್ಷ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಮೊನ್ನೆ ಹೊಸದಾಗಿ ಉಪನ್ಯಾಸಕಿಯರಾದ ಇಬ್ಬರು ಹುಡುಗಿಯರು ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದಿದ್ದರು. "ಮೇಡಂ, ಕ್ಲಾಸಿನಲ್ಲಿ ಏನು ಮಾತಾಡಬಹುದು, ಏನು ಮಾತಾಡಬಾರದು, ಸ್ವಲ್ಪ ಹೇಳಿ" ಎಂದರು. ಟೀ ಕೊಟ್ಟು ಒಂದು ಗಂಟೆ ಹೇಳಿದೆ. ಅವರು ಹೋದ ಮೇಲೆ, ನಾನು ಹೇಳಿದ್ದರಲ್ಲಿ ಬುದ್ಧಿವಾದವೇ ಹೆಚ್ಚಾಯಿತು, ನಡೆದದ್ದನ್ನು ಹೇಳಲೇ ಇಲ್ಲ ಅನ್ನಿಸಿತು. ಅದಕ್ಕೇ ಈ ಬರಹ.

ನನ್ನ ಅಪ್ಪ ಪಾತ್ರೆಗೆ ಕಲಾಯಿ ಹಾಕುವವರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಮಂಗಳವಾರದ ಸಂತೆಯಲ್ಲಿ ಇವೆರಡರ ಜೊತೆಗೆ ಒಂದಿಷ್ಟು ತಮಿಳು, ಒಂದಿಷ್ಟು ಮಲಯಾಳ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ರಾಜ್ಯಶಾಸ್ತ್ರ ಎಂ.ಎ. ಮಾಡುವಾಗಲೇ ನನಗೆ ಹಿಡಿಸಿದ್ದು ಒಂದೇ ವಿಷಯ: ಅಕ್ಕಪಕ್ಕದ ದೇಶಗಳು ಕೂಟ ಕಟ್ಟಿಕೊಂಡ ಮೇಲೆ ಹೊರಗಿನ ಲೋಕದ ಜೊತೆ ಹೇಗೆ ಮಾತಾಡುತ್ತವೆ? ಒಂದೇ ದನಿಯಲ್ಲಿಯೋ, ಹಲವು ದನಿಯಲ್ಲಿಯೋ, ಅಥವಾ ಮಾತೇ ಆಡದೆಯೋ? ಕಾಲೇಜಿನಲ್ಲಿ ಇದು ಕೊನೆಯ ವರ್ಷದ ಒಂದು ಐಚ್ಛಿಕ ಪತ್ರಿಕೆ. ಯಾರಿಗೂ ಬೇಡವಾಗಿದ್ದ ಅದನ್ನು ನಾನೇ ಕೇಳಿ ಪಡೆದೆ.

"ಏನ್ ಮೇಡಂ, ನಮ್ಮ ಹಳ್ಳಿ ಮಕ್ಕಳಿಗೆ ಯುರೋಪಿನ ವಿದೇಶಾಂಗ ನೀತಿ ಕಟ್ಟಿಕೊಂಡು ಏನಾಗಬೇಕು?" ಈ ಪ್ರಶ್ನೆಯನ್ನು ಸಹೋದ್ಯೋಗಿಗಳು ಕೇಳಿದ್ದಾರೆ, ತಪಾಸಣೆಗೆ ಬಂದವರು ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕ ಕುಳಿತವರೂ ಕೇಳಿದ್ದಾರೆ. ಮೊದಮೊದಲು ವಿವರಿಸುತ್ತಿದ್ದೆ. ಆಮೇಲೆ ಬಿಟ್ಟೆ. ಮೈಸೂರಿನ ಇಂಗ್ಲಿಷ್ ಕಾಲೇಜಿನ ಮಕ್ಕಳಿಗೆ ಇದೇ ಪತ್ರಿಕೆ ಇದ್ದಾಗ ಯಾರೂ ಈ ಪ್ರಶ್ನೆ ಕೇಳುವುದಿಲ್ಲ ಎಂಬುದು ನನಗೆ ಗೊತ್ತಾಗಿತ್ತು.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಆಗಿನ ಪಾಠವೆಂದರೆ ನೋಟ್ಸ್ ಬರೆಸುವುದು. ನಾನು ಓದುತ್ತಿದ್ದೆ, ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಆಗ್ನೇಯ ಏಷ್ಯಾದ ದೇಶಗಳ ಕೂಟದ ಬಗ್ಗೆ ಬರೆಸುವಾಗ, ಇಂಗ್ಲಿಷ್ ಪುಸ್ತಕದಲ್ಲಿದ್ದ ಒಂದು ಪದವನ್ನು ಹಳೆಯ ಗೈಡೊಂದನ್ನು ನಂಬಿ 'ಬಹುಮತ' ಎಂದು ಕನ್ನಡಕ್ಕೆ ತಂದಿದ್ದೆ. 'ಈ ಕೂಟವು ವಿದೇಶಾಂಗ ವಿಷಯಗಳನ್ನು ಬಹುಮತದಿಂದ ತೀರ್ಮಾನಿಸುತ್ತದೆ.' ಆರು ವರ್ಷ ಇದನ್ನೇ ಬರೆಸಿದೆ. ಏಳನೆಯ ವರ್ಷ ಹಂಗಳದ ಒಬ್ಬ ಹುಡುಗ ಪೆನ್ನು ಕೆಳಗಿಟ್ಟ.

"ಬಹುಮತ ಅಂದ್ರೆ ಸೋತೋರೂ ಇರ್ಬೇಕಲ್ವ ಮೇಡಂ? ಯಾವ್ ದೇಸ ಸೋತದೆ ಅಂತ ಒಂದ್ ದಿನಾನೂ ಪೇಪರ್ನಲ್ಲಿ ಬರ್ನಿಲ್ಲ."

ಆ ಶನಿವಾರ ಮೈಸೂರಿಗೆ ಹೋಗಿ, ಗ್ರಂಥಾಲಯದಲ್ಲಿ ಕುಳಿತು, ಆ ಕೂಟದ ಮೂಲ ಒಪ್ಪಂದಗಳನ್ನು ಓದಿದೆ. ಅಲ್ಲಿ ಮತದಾನದ ಮಾತೇ ಇಲ್ಲ. ಮಾತುಕತೆ ಮತ್ತು ಒಮ್ಮತ, ಅಷ್ಟೇ. ಸೋಮವಾರ ತರಗತಿಗೆ ಹೋಗಿ, "ನಾನು ಬರೆಸಿದ್ದು ತಪ್ಪು, ಹೊಡೆದುಹಾಕಿ" ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಓದ್ ವರ್ಸದೋರು ಇದ್ನೇ ಬರ್ದು ಬಂದವ್ರಲ್ಲ ಮೇಡಂ, ಅವ್ರ್ದು?" ಎಂದಳು. ಅವರ ಉತ್ತರಪತ್ರಿಕೆಗಳಲ್ಲಿ ಆ ತಪ್ಪು ಹಾಗೇ ಉಳಿಯಿತು.

ಒಮ್ಮತ ಎಂದರೇನು ಎಂದು ವಿವರಿಸಲು ನಾನು ತಡವರಿಸುತ್ತಿದ್ದಾಗ ಅದೇ ಹಂಗಳದ ಹುಡುಗ ಸಹಾಯಕ್ಕೆ ಬಂದ. "ನಮ್ಮೂರ್ ಯಜಮಾನ್ರು ಕೂತ್ಕಂಡಾಗ ಯಾರೂ ಕೈ ಎತ್ತಲ್ಲ ಮೇಡಂ. ಎಲ್ರೂ ಹೂಂ ಅನ್ನೋದೂ ಇಲ್ಲ. ಯಾರೂ ಊಹೂಂ ಅಂದು ಎದ್ದೋಗ್ದೆ ಇದ್ರೆ ಆಯ್ತು ಅಂತ್ಲೇ ಲೆಕ್ಕ." ಆವತ್ತಿನಿಂದ ನಾನು ನೋಟ್ಸ್ ಬರೆಸುವುದನ್ನು ನಿಲ್ಲಿಸಿದೆ. ಇಂಗ್ಲಿಷಿನ ಸಂಕ್ಷಿಪ್ತ ಹೆಸರುಗಳನ್ನೂ ತರಗತಿಯಿಂದ ಹೊರಗೆ ಹಾಕಿದೆ. ಆ ನಾಲ್ಕು ಅಕ್ಷರ ಉರು ಹೊಡೆದ ಮಕ್ಕಳಿಗೆ ಕೂಟದಲ್ಲಿ ಯಾವ ದೇಶಗಳಿವೆ ಎಂಬುದೇ ಗೊತ್ತಿರುತ್ತಿರಲಿಲ್ಲ. ಯುರೋಪಿನ ಒಕ್ಕೂಟ, ಆಗ್ನೇಯ ಏಷ್ಯಾದ ಕೂಟ, ನಮ್ಮ ದಕ್ಷಿಣ ಏಷ್ಯಾದ ಕೂಟ ಎಂದು ಬಾಯ್ತುಂಬ ಹೇಳಬೇಕು. ಹೇಳಿದವರಿಗೆ ಮುಂದಿನ ಪ್ರಶ್ನೆ: ಅದರೊಳಗೆ ಯಾರಿಗೆ ಯಾರ ಭಯ?

ಚಾಮರಾಜನಗರಕ್ಕೆ ವರ್ಗವಾದ ಮೇಲೆ ದಿನವೂ ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿಯುತ್ತಿದ್ದೆ. ಅಲ್ಲಿ ನಾನು ಹೆಚ್ಚು ಕಾಲ ಕೆಲಸ ಮಾಡಿದ್ದು ಗುರುಮಲ್ಲಪ್ಪ ಎಂಬ ಪ್ರಾಂಶುಪಾಲರ ಕೈಕೆಳಗೆ. ಅವರನ್ನು ಕೆಟ್ಟವರೆಂದು ನಾನು ಹೇಳಲಾರೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ದಿನವಿಡೀ ನೀರು ಬರುವಂತೆ ಮಾಡಿದವರು ಅವರೇ. ಅದಕ್ಕಾಗಿ ಅವರು ಎಷ್ಟು ಓಡಾಡಿದರೆಂದು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಇದ್ದದ್ದು ಒಂದೇ ಭಯ. ಮೇಲಿನಿಂದ ಫೋನು ಬರಬಾರದು. ಯಾವ ವಿಷಯದಲ್ಲಾಗಲಿ, ಯಾರಿಂದಲಾಗಲಿ, ಫೋನು ಬರಬಾರದು.

ನಾನು ಹೇಳಹೊರಟಿರುವುದು ಅವರ ಕಾಲದ ಒಂದು ವರ್ಷದ ಕಥೆ.

ಆ ವರ್ಷ ಗಡಿಯಲ್ಲಿ ಗಲಾಟೆಯಾಗಿ, ಊರೂರಲ್ಲಿ ಮೇಣದಬತ್ತಿಯ ಮೆರವಣಿಗೆ ನಡೆದಿತ್ತು. ನಮ್ಮ ಪತ್ರಿಕೆಯಲ್ಲಿ ದಕ್ಷಿಣ ಏಷ್ಯಾದ ಕೂಟದ ಅಧ್ಯಾಯ ಬರುವ ಹೊತ್ತು. ಪ್ರಾಂಶುಪಾಲರು ಕರೆಸಿದರು. ಅವರ ಎದುರು ಇತಿಹಾಸದ ಶಿವಣ್ಣ ಮೇಷ್ಟ್ರು ಕುಳಿತಿದ್ದರು.

"ಮೇಡಂ, ಈ ಸಲ ಆ ಒಂದು ಅಧ್ಯಾಯ ಶಿವಣ್ಣನವರು ಮಾಡಲಿ."

"ಯಾಕೆ ಸಾರ್?"

"ಅದರಲ್ಲಿ ಪಾಕಿಸ್ತಾನ ಅದು ಇದು ಬರುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಇಪ್ಪತ್ತು ವರ್ಷಕ್ಕೂ ಮೇಲೆ ಆ ಅಧ್ಯಾಯ ಮಾಡಿದ್ದೆ. ಅದರಲ್ಲಿ ಎಂಟು ದೇಶ ಬರುತ್ತವೆ. ಅಷ್ಟು ವರ್ಷದಲ್ಲಿ ನನ್ನ ಹೆಸರು ಶಮೀಮ್ ಬಾನು ಎಂಬುದು ಯಾರಿಗೂ ಹೊಸದಾಗಿ ನೆನಪಾಗಿರಲಿಲ್ಲ. ಆದರೂ ದನಿ ಏರಿಸಲಿಲ್ಲ. "ಬರವಣಿಗೆಯಲ್ಲಿ ಕೊಡಿ ಸಾರ್. ಇಂಥ ಕಾರಣಕ್ಕೆ ಇಂಥ ಅಧ್ಯಾಯವನ್ನು ಇವರಿಂದ ತೆಗೆದು ಅವರಿಗೆ ಕೊಟ್ಟಿದ್ದೇನೆ ಅಂತ. ಕಾರಣವನ್ನು ಬಿಡಿಸಿ ಬರೆಯಿರಿ" ಎಂದೆ.

ಅವರು ಶಿವಣ್ಣನವರ ಮುಖ ನೋಡಿದರು. ಶಿವಣ್ಣನವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ನಂಗೆ ಆ ಪಾಠ ಬರಲ್ಲ ಸಾರ್" ಎಂದರು. ಅವರಿಗೆ ಆ ಪಾಠ ಚೆನ್ನಾಗಿಯೇ ಬರುತ್ತಿತ್ತು. ಕಾರಿಡಾರಿಗೆ ಬಂದ ಮೇಲೆ ನಾನು ಥ್ಯಾಂಕ್ಸ್ ಹೇಳಹೊರಟರೆ, "ಬುಡಿ ಮೇಡಂ, ನಂದೇ ಸಿಲಬಸ್ ಮುಗಿದಿಲ್ಲ" ಎಂದು ಹೊರಟೇ ಹೋದರು.

ಮರುದಿನ ನನ್ನ ತರಗತಿಯಲ್ಲಿ ಕೂರಲು ಜಾಗವಿರಲಿಲ್ಲ. ಸುದ್ದಿ ಹೇಗೋ ಹಬ್ಬಿ, ಬೇರೆ ವಿಭಾಗದ ಮಕ್ಕಳೂ ಕಿಟಕಿಯ ಬಳಿ ನಿಂತಿದ್ದರು. ನಾನು ಬಾಗಿಲು ತೆರೆದೇ ಇಟ್ಟು ಪಾಠ ಶುರು ಮಾಡಿದೆ. ಪ್ರಾಂಶುಪಾಲರು ಕಾರಿಡಾರಿನ ತುದಿಯಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಕೂಟದ ಸನ್ನದಿನಲ್ಲಿರುವ ಎರಡು ನಿಯಮಗಳನ್ನು ಹಲಗೆಯ ಮೇಲೆ ಬರೆದೆ. ಒಂದು, ಎಲ್ಲ ತೀರ್ಮಾನವೂ ಎಲ್ಲರ ಒಪ್ಪಿಗೆಯಿಂದಲೇ ಆಗಬೇಕು. ಎರಡು, ಇಬ್ಬರ ನಡುವಿನ ಜಗಳ ಮತ್ತು ವಿವಾದದ ವಿಷಯಗಳನ್ನು ಇಲ್ಲಿ ಎತ್ತುವಂತಿಲ್ಲ. ಹಂಗಳದವನೇ ಆದ ಮಾದೇಶ ಎಂಬ ಇನ್ನೊಬ್ಬ ಹುಡುಗ, ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದವನು, ಎದ್ದು ನಿಂತ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು.

"ಮೇಡಂ, ನೀವು ಯಾವ್ ಕಡೆ?"

ನಾನು ಸೀಮೆಸುಣ್ಣ ಕೆಳಗಿಟ್ಟೆ. "ಇದೇ ಪ್ರಶ್ನೆ ಶಿವಣ್ಣ ಮೇಷ್ಟ್ರಿಗೂ ಕೇಳ್ತೀಯೇನಪ್ಪ?"

ಅವನು ಯೋಚಿಸಿದ. "ಇಲ್ಲ ಮೇಡಂ."

"ಹಾಗಾದರೆ ನನಗೂ ಕೇಳಬೇಡ. ಈ ಎರಡು ನಿಯಮದ ಬಗ್ಗೆ ಏನು ಬೇಕಾದರೂ ಕೇಳು, ಸಂಜೆ ತನಕ ನಿಲ್ತೀನಿ."

ಅವನು ಕುಳಿತ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಎದ್ದು, ಜಗಳವನ್ನೇ ಎತ್ತುವಂತಿಲ್ಲ ಎಂದರೆ ಅಂಥ ಕೂಟ ಯಾಕೆ ಬೇಕು ಎಂದು ಕೇಳಿದ. ಅದು ಪಾಠದ ಪ್ರಶ್ನೆ. ಜಗಳ ಎತ್ತುವ ಹಾಗಿದ್ದಿದ್ದರೆ ಮೊದಲ ದಿನವೇ ಕೂಟ ಒಡೆಯುತ್ತಿತ್ತು. ಎತ್ತದೇ ಇರುವುದರಿಂದ ಅದು ಬದುಕಿದೆ, ಆದರೆ ಹೊರಗಿನವರ ಜೊತೆ ಒಟ್ಟಾಗಿ ಮಾತಾಡುವ ಶಕ್ತಿ ಅದಕ್ಕೆ ಬರಲೇ ಇಲ್ಲ ಎಂದು ಹೇಳಿದೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಫೋನು ಬರಲಿಲ್ಲ.

ಆ ಮಕ್ಕಳ ಹುರುಪು ನೋಡಿ ಎರಡು ತಿಂಗಳ ನಂತರ ನಾನು ಒಂದು ಪ್ರಯೋಗಕ್ಕೆ ಕೈಹಾಕಿದೆ. ತರಗತಿಯನ್ನು ಮೂರು ಭಾಗ ಮಾಡಿ, ಮೂರು ಕೋಣೆಗಳಲ್ಲಿ ಮೂರು ಕೂಟಗಳನ್ನು ಕೂರಿಸಿದೆ. ಎಲ್ಲರಿಗೂ ಒಂದೇ ಸಮಸ್ಯೆ: ಕೂಟದ ಒಂದು ದೇಶಕ್ಕೆ ಸೇರಿದ ಸಮುದ್ರದ ಬಂಡೆಯ ಮೇಲೆ ಹೊರಗಿನ ದೊಡ್ಡ ದೇಶವೊಂದು ತನ್ನ ಸೈನಿಕರನ್ನು ಇಳಿಸಿದೆ, ಕೂಟ ಏನು ಹೇಳಬೇಕು? ಪ್ರತಿ ಕೋಣೆಯೂ ತನ್ನ ಕೂಟದ ನಿಯಮವನ್ನು ಮೀರುವಂತಿಲ್ಲ. ಕೊನೆಯಲ್ಲಿ ಮೂರು ಹೇಳಿಕೆಗಳನ್ನು ಸಭಾಂಗಣದಲ್ಲಿ ಓದಬೇಕು. ಪ್ರಾಂಶುಪಾಲರು ಖುಷಿಯಿಂದ ಒಪ್ಪಿದರು. ಕಾಲೇಜು ಸಮಿತಿಯ ಸದಸ್ಯರೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆದರು, ಫೋಟೋದವನಿಗೂ ಹೇಳಿದರು.

ದಕ್ಷಿಣ ಏಷ್ಯಾದ ಕೋಣೆಯಿಂದ ಮಾದೇಶ ಐದೇ ನಿಮಿಷಕ್ಕೆ ಹೊರಬಂದ.

"ನಮ್ದು ಮುಗೀತು ಮೇಡಂ. ಇದು ಇಬ್ಬರ ಜಗಳ, ವಿವಾದದ ವಿಸ್ಯ. ನಿಯಮದ್ ಪ್ರಕಾರ ಎತ್ತಂಗೇ ಇಲ್ಲ. ಎಲ್ರೂ ಟೀ ಕುಡಿಯಕ್ ಓಗನ ಅಂತಾವ್ರೆ."

ಆಗ್ನೇಯ ಏಷ್ಯಾದ ಕೋಣೆಯಲ್ಲಿ ಒಂದೂವರೆ ಗಂಟೆ ಮಾತುಕತೆ ನಡೆಯಿತು. ಹೊರಬಂದ ಹೇಳಿಕೆಯಲ್ಲಿ ಇದ್ದದ್ದು ಒಂದೇ ವಾಕ್ಯ, 'ಸಮುದ್ರದಲ್ಲಿ ಎಲ್ಲರೂ ಶಾಂತಿಯಿಂದ ನಡೆದುಕೊಳ್ಳಬೇಕೆಂದು ಕೂಟವು ಬಯಸುತ್ತದೆ.' ಬಂಡೆ ಕಳೆದುಕೊಂಡ ದೇಶದ ಹುಡುಗ ಮುಖ ಊದಿಸಿಕೊಂಡಿದ್ದ. "ನಮ್ ಬಂಡೆ ಹೆಸ್ರೇ ಇಲ್ವಲ್ರಲಾ" ಎಂದು ಗೊಣಗಿದ. ಅಧ್ಯಕ್ಷನಾಗಿದ್ದವನು ಸಮಾಧಾನ ಮಾಡುತ್ತಿದ್ದ: "ಬರುದ್ರೆ ಇಬ್ರು ಎದ್ದೋಯ್ತಾರೆ ಕಣ್ಲಾ. ಆಮೇಲೆ ಬಂಡೆನೂ ಇರಲ್ಲ, ಕೂಟಾನೂ ಇರಲ್ಲ." ನಾನು ಪುಸ್ತಕ ಹಿಡಿದು ಒಂದು ತಿಂಗಳು ಹೇಳಿದರೂ ಇಷ್ಟು ಚೆನ್ನಾಗಿ ಹೇಳಲಾಗುತ್ತಿರಲಿಲ್ಲ.

ತೊಡಕಾದದ್ದು ಯುರೋಪಿನ ಕೋಣೆಯಲ್ಲಿ. ಅಲ್ಲಿಯ ನಿಯಮ ಸ್ವಲ್ಪ ಬೇರೆ. ವ್ಯಾಪಾರದಂಥ ವಿಷಯಗಳಲ್ಲಿ ಯುರೋಪಿನ ಒಕ್ಕೂಟಕ್ಕೆ ಒಂದೇ ದನಿ, ಒಬ್ಬಿಬ್ಬರು ಒಲ್ಲೆ ಎಂದರೂ ಕೆಲಸ ನಿಲ್ಲುವುದಿಲ್ಲ. ಆದರೆ ವಿದೇಶಾಂಗ ನೀತಿಯ ವಿಷಯದಲ್ಲಿ ಒಬ್ಬರು ಬೇಡವೆಂದರೂ ಎಲ್ಲವೂ ನಿಲ್ಲುತ್ತದೆ. ಬೇಕಾದರೆ ಆ ಒಬ್ಬರು ಪಕ್ಕಕ್ಕೆ ಸರಿದು, 'ನಾನು ಸೇರುವುದಿಲ್ಲ, ತಡೆಯುವುದೂ ಇಲ್ಲ' ಎನ್ನಬಹುದು. ಅಷ್ಟು ದೇಶಗಳಿಗೆ ಮಕ್ಕಳಿಲ್ಲದ್ದರಿಂದ ಒಂಬತ್ತನ್ನು ಆರಿಸಿಕೊಂಡಿದ್ದೆವು. ಎಲ್ಲಕ್ಕಿಂತ ಚಿಕ್ಕ ದೇಶ ಚೀಟಿಯಲ್ಲಿ ಬಂದದ್ದು ತೆರಕಣಾಂಬಿಯ ನಾಗಮಣಿಗೆ. ನನ್ನ ಬಸ್ಸಿಗೇ ಹತ್ತುತ್ತಿದ್ದ ಹುಡುಗಿ. ಮಾತು ಕಡಿಮೆ, ಆದರೆ ಹೇಳಿದ್ದನ್ನು ಮತ್ತೆ ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ. ತನ್ನ ದೇಶದ ಬಗ್ಗೆ ಎರಡು ವಾರ ಓದಿಕೊಂಡು ಬಂದಿದ್ದಳು.

ಎಂಟು ದೇಶಗಳು ಖಂಡನೆಗೆ ಸಿದ್ಧವಾಗಿದ್ದವು. ಅವಳು ಒಪ್ಪಲಿಲ್ಲ.

ಸಭಾಂಗಣದಲ್ಲಿ ಅತಿಥಿಗಳು ಬಂದು ಕುಳಿತಾಗಿತ್ತು. ಪ್ರಾಂಶುಪಾಲರು ಯುರೋಪಿನ ತಂಡವನ್ನು ವೇದಿಕೆಗೇ ಕರೆಸಿದರು. ಎಲ್ಲರ ಮುಂದೆ ಕೇಳಿದರೆ ಹುಡುಗಿ ಹೂಂ ಅನ್ನುತ್ತಾಳೆ ಎಂದುಕೊಂಡಿದ್ದರು.

"ಏನಮ್ಮ ನಿನ್ನ ತಕರಾರು?"

"ನಮ್ ದೇಸಕ್ಕೆ ಗ್ಯಾಸು ಬರೋದು ಆ ದೊಡ್ಡ ದೇಸದಿಂದ್ಲೇ ಸಾರ್. ಚಳಿಗಾಲ ಬತ್ತಾ ಅದ. ನಾವು ಖಂಡಿಸ್ಬುಟ್ರೆ ಅವ್ರು ನಿಲ್ಲಿಸ್ಬುಡ್ತಾರೆ. ನಮ್ಗೆ ಗ್ಯಾಸ್ ಕೊಡ್ತೀವಿ ಅಂತ ಇವ್ರು ಎಂಟ್ ಜನಾನೂ ಬರ್ದುಕೊಡ್ಲಿ, ಒಪ್ತೀನಿ."

"ಪಕ್ಕಕ್ಕೆ ಸರಿಬೌದಲ್ವ? ನಿಯಮದಲ್ಲಿ ಹಾಗೂ ಇದೆಯಂತಲ್ಲ?"

"ಸರುದ್ರೂ ಗ್ಯಾಸ್ ನಿಲ್ತದೆ ಸಾರ್. ಒಳಗಿದ್ರೇನೇ ನನ್ ಮಾತು ಕೇಳೋದು."

ಅತಿಥಿಗಳು ಗಡಿಯಾರ ನೋಡಿಕೊಂಡರು. ಫೋಟೋದವನು ಕ್ಯಾಮೆರಾ ಇಳಿಸಿದ. ಪ್ರಾಂಶುಪಾಲರು ಮೈಕಿನಿಂದ ಮುಖ ತಿರುಗಿಸಿ, ಹಲ್ಲು ಕಚ್ಚಿ, "ಇದು ಆಟ ಕಣಮ್ಮ. ಒಂದು ಹೂಂ ಅನ್ನು, ಮುಗಿಸೋಣ" ಎಂದರು. ಅವಳು ನನ್ನ ಕಡೆ ನೋಡಿದಳು. ಆ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹೆದರಿದ್ದಳು, ಆದರೆ ಬಿಟ್ಟುಕೊಡಲು ಅನುಮತಿ ಕೇಳುತ್ತಿರಲಿಲ್ಲ. ತಾನು ಹೇಳಿದ್ದು ಸರಿಯೇ ಎಂದು ಮಾತ್ರ ಕೇಳುತ್ತಿದ್ದಳು.

ನಾನು ಎದ್ದು ವೇದಿಕೆಯ ಮೆಟ್ಟಿಲ ಬಳಿ ಹೋದೆ. "ಸಾರ್, ಅವಳು ಒಪ್ಪದಿದ್ದರೆ ಹೇಳಿಕೆ ಇಲ್ಲ. ಯುರೋಪಿನಲ್ಲಿ ನಡೆಯೋದೂ ಹೀಗೇ. ಮಕ್ಕಳು ಸರಿಯಾಗೇ ಮಾಡಿದ್ದಾರೆ" ಎಂದೆ. ಮೈಕು ಚಾಲೂ ಇದ್ದದ್ದು ನನಗೆ ತಿಳಿದಿರಲಿಲ್ಲ. ಮಾತು ಇಡೀ ಸಭಾಂಗಣಕ್ಕೆ ಕೇಳಿಸಿತು. ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಗಿ ಮುಂದಕ್ಕೆ ಬಂತು. ಅತಿಥಿಗಳು ಕೈ ಮುಗಿದು ಎದ್ದುಹೋದರು. ಫೋಟೋ ಆಗಲಿಲ್ಲ.

ಎರಡು ದಿನದ ನಂತರ ನನ್ನ ಮೇಜಿನ ಮೇಲೆ ನೋಟೀಸು ಇತ್ತು. ಗಣ್ಯರ ಮುಂದೆ ಸಂಸ್ಥೆಗೆ ಮುಜುಗರ ಉಂಟುಮಾಡಿದ್ದು ಮತ್ತು ವಿದ್ಯಾರ್ಥಿನಿಯನ್ನು ಅವಿಧೇಯತೆಗೆ ಪ್ರಚೋದಿಸಿದ್ದು ಯಾಕೆ ಎಂದು ಮೂರು ದಿನದೊಳಗೆ ವಿವರಣೆ ಕೊಡಬೇಕಿತ್ತು. ಸಹೋದ್ಯೋಗಿಗಳಲ್ಲಿ ಕೆಲವರು, "ಒಂದು ಕ್ಷಮೆ ಬರೆದು ಹಾಕಿ, ಅಷ್ಟಕ್ಕೇ ಮುಗಿಯುತ್ತೆ" ಎಂದರು. ನಾನು ಮಧ್ಯಾಹ್ನದ ಊಟದ ವೇಳೆಯಲ್ಲೇ ಉತ್ತರ ಬರೆದೆ: 'ವಿದ್ಯಾರ್ಥಿನಿಯನ್ನು ನಾನು ಪ್ರಚೋದಿಸಿಲ್ಲ. ಒಪ್ಪದಿರುವುದು ಆಕೆ ಪ್ರತಿನಿಧಿಸಿದ ದೇಶದ ಹಕ್ಕಾಗಿತ್ತು. ಅದನ್ನು ಬಿಟ್ಟುಕೊಡಲು ಹೇಳಿದ್ದರೆ ನಾನು ತಪ್ಪು ಪಾಠ ಮಾಡಿದಂತಾಗುತ್ತಿತ್ತು. ತಪ್ಪು ಪಾಠವನ್ನು ಹಿಂದೆ ಆರು ವರ್ಷ ಮಾಡಿದ್ದೇನೆ, ಅದಕ್ಕೆ ಯಾರೂ ನೋಟೀಸು ಕೊಡಲಿಲ್ಲ.' ಕೊನೆಯ ವಾಕ್ಯ ಬೇಕಿರಲಿಲ್ಲ. ಆದರೂ ತೆಗೆಯಲಿಲ್ಲ.

ನೋಟೀಸಿನ ಮಾತು ಮತ್ತೆ ಬರಲಿಲ್ಲ, ಆದರೆ ಪ್ರಾಂಶುಪಾಲರು ನನ್ನೊಡನೆ ಮಾತು ಕಡಿಮೆ ಮಾಡಿದರು. ನನಗೆ ನಿಜಕ್ಕೂ ಪೆಟ್ಟು ಬಿದ್ದದ್ದು ಫಲಿತಾಂಶದ ದಿನ. ನಾಗಮಣಿ ನಮ್ಮ ಪತ್ರಿಕೆಯಲ್ಲಿ ನಪಾಸಾಗಿದ್ದಳು. ಪಾಸಿಗೆ ಒಂಬತ್ತು ಅಂಕ ಕಡಿಮೆ.

ಅವಳು ಬಸ್ ನಿಲ್ದಾಣದಲ್ಲಿ ಸಿಕ್ಕಳು. ಅಳಲಿಲ್ಲ. "ನಾನು ಚೆನ್ನಾಗೇ ಬರ್ದಿದ್ದೆ ಮೇಡಂ" ಎಂದಳು, ಅಷ್ಟೇ. ಅವಳ ಮನೆಯಲ್ಲಿ ಇದೇ ಕೊನೆಯ ಅವಕಾಶ ಎಂದಿದ್ದರು. ಪಾಸಾದರೆ ಬಿ.ಎಡ್., ಇಲ್ಲದಿದ್ದರೆ ಮದುವೆ. ನಾನು ಅವಳ ಕೈಯಲ್ಲಿ ಅರ್ಜಿ ಹಾಕಿಸಿ ಉತ್ತರಪತ್ರಿಕೆಯ ನಕಲು ತರಿಸಿದೆ. ಪ್ರಾದೇಶಿಕ ಕೂಟಗಳು ತಮ್ಮ ವಿದೇಶಾಂಗ ನೀತಿಯನ್ನು ರೂಪಿಸಿಕೊಳ್ಳುವ ಬಗೆಯನ್ನು ಹೋಲಿಸಿ ಎಂಬುದು ದೊಡ್ಡ ಪ್ರಶ್ನೆ. ಅವಳು ಆರು ಪುಟ ಬರೆದಿದ್ದಳು. ಎರಡನೆಯ ಪುಟದಿಂದ ಕೊನೆಯವರೆಗೆ ಕೆಂಪು ಶಾಯಿಯ ಒಂದು ಅಡ್ಡಗೀಟು. ಅಂಚಿನಲ್ಲಿ, 'ಪಠ್ಯದಲ್ಲಿಲ್ಲ. ಕಥೆ ಬೇಡ.'

ಹೊಡೆದುಹಾಕಿದ್ದ ಭಾಗದಲ್ಲಿ ಅವಳು ಬರೆದದ್ದು ಇದು: 'ಯಾವ ಕೂಟದ ನೀತಿಯನ್ನು ತಿಳಿಯಬೇಕಾದರೂ ಅದರ ಭಯವನ್ನು ತಿಳಿಯಬೇಕು. ಯುರೋಪಿನವರಿಗೆ ತಮ್ಮತಮ್ಮಲ್ಲೇ ಮತ್ತೆ ಯುದ್ಧವಾದೀತೆಂಬ ಭಯವಿತ್ತು, ಆದ್ದರಿಂದ ಬಿಗಿಯಾದ ನಿಯಮ ಮಾಡಿಕೊಂಡರು. ಆಗ್ನೇಯ ಏಷ್ಯಾದವರಿಗೆ ಹೊರಗಿನ ದೊಡ್ಡವರು ಒಳಗೆ ಬಂದಾರೆಂಬ ಭಯ, ಆದ್ದರಿಂದ ಒಬ್ಬರ ಮನೆಯ ವಿಷಯಕ್ಕೆ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ದಕ್ಷಿಣ ಏಷ್ಯಾದ ಚಿಕ್ಕ ದೇಶಗಳಿಗೆ ಕೂಟದ ಒಳಗಿರುವ ದೊಡ್ಡವರ ಭಯ, ದೊಡ್ಡವರಿಗೆ ಚಿಕ್ಕವರೆಲ್ಲ ಒಂದಾದಾರೆಂಬ ಭಯ. ಆದ್ದರಿಂದ ಅಲ್ಲಿ ನೀತಿ ಹುಟ್ಟುವುದೇ ಇಲ್ಲ.'

ಇದನ್ನು ಕಥೆ ಎಂದವರು ಯಾರೋ ನನಗೆ ಗೊತ್ತಿಲ್ಲ. ಮೌಲ್ಯಮಾಪನದ ಶಿಬಿರದಲ್ಲಿ ನಾನೂ ಕುಳಿತವಳು. ರಾಶಿ ರಾಶಿ ಪತ್ರಿಕೆಗಳ ಮಧ್ಯೆ, ಗೈಡಿನಲ್ಲಿಲ್ಲದ ವಾಕ್ಯ ಕಣ್ಣಿಗೆ ಬಿದ್ದರೆ ಪೆನ್ನು ತಾನಾಗಿ ಅಡ್ಡಗೀಟು ಎಳೆಯುತ್ತದೆ. ನಾನೂ ಎಳೆದಿರಬಹುದು. ಆದರೆ ಈ ಗೀಟನ್ನು ಬಿಡಲು ನಾನು ಸಿದ್ಧಳಾಗಿರಲಿಲ್ಲ. ಮರುಮೌಲ್ಯಮಾಪನದ ಅರ್ಜಿಯ ಜೊತೆಗೆ ನಾಲ್ಕು ಪುಟದ ಪತ್ರ ಬರೆದೆ. ಅವಳ ಒಂದೊಂದು ವಾಕ್ಯಕ್ಕೂ ಯಾವ ಒಪ್ಪಂದದಲ್ಲಿ, ಯಾವ ಪುಸ್ತಕದಲ್ಲಿ ಆಧಾರವಿದೆ ಎಂದು ಕೊಟ್ಟೆ. ಅಂಚೆಗೆ ಹಾಕದೆ, ಅವಳನ್ನು ಕರೆದುಕೊಂಡು ವಿಶ್ವವಿದ್ಯಾಲಯಕ್ಕೇ ಹೋದೆ. ಕಿಟಕಿಯ ಆಚೆಗಿದ್ದವರು, "ಅರ್ಜಿ ಸಾಕು ಮೇಡಂ, ಲೆಟರೆಲ್ಲ ಯಾರೂ ಓದಲ್ಲ" ಎಂದರು.

"ಓದಲಿ ಬಿಡಲಿ, ಬಂತು ಅಂತ ಸೀಲ್ ಹಾಕಿಕೊಡಿ" ಎಂದೆ. ಸೀಲ್ ಬೀಳುವ ತನಕ ಕಿಟಕಿ ಬಿಟ್ಟು ಕದಲಲಿಲ್ಲ. ನಮ್ಮ ಹಿಂದೆ ಸಾಲು ಬೆಳೆಯಿತು. ನಾಗಮಣಿ ಮುಜುಗರದಿಂದ ನನ್ನ ಸೆರಗು ಹಿಡಿದು, "ಓಗನ ಮೇಡಂ" ಎಂದು ಎರಡು ಸಲ ಅಂದಳು.

ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಪ್ರಾಂಶುಪಾಲರು ಸಭೆ ಕರೆದು, ಫಲಿತಾಂಶ ಕುಸಿಯುತ್ತಿರುವುದರಿಂದ ಈ ಪತ್ರಿಕೆಯನ್ನು ಮುಂದಿನ ವರ್ಷದಿಂದ ನಿಲ್ಲಿಸಿ ಸುಲಭದ ಇನ್ನೊಂದನ್ನು ತರೋಣ ಎಂದರು. "ನಮ್ಮ ಮಕ್ಕಳ ಮಟ್ಟ ನೋಡಿ ಕೊಡಬೇಕು ಮೇಡಂ" ಎಂಬುದು ಅವರ ಮಾತು. ಅದರಲ್ಲಿ ಕನಿಕರವಿತ್ತು, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

"ಮಕ್ಕಳ ಮಟ್ಟ ನಾನು ನೋಡಿದ್ದೀನಿ ಸಾರ್. ನೀವೂ ವೇದಿಕೆ ಮೇಲೆ ನೋಡಿದ್ದೀರಿ. ಬೇಕೋ ಬೇಡವೋ ಅವರೇ ಹೇಳಲಿ. ಪ್ರವೇಶದ ವಾರ ನನಗೆ ಅಂಗಳದಲ್ಲಿ ಒಂದು ಮೇಜು ಕೊಡಿ."

ಅವರು "ಹದಿನೈದು ಮಕ್ಕಳು ಬಂದರೆ ಇರಲಿ. ಹದಿನಾಲ್ಕು ಬಂದರೂ ಇಲ್ಲ" ಎಂದರು. ಶಿವಣ್ಣ ಮೇಷ್ಟ್ರು, "ಬರವಣಿಗೆಯಲ್ಲಿ ಕೊಡಿ ಸಾರ್" ಎಂದರು. ಸಭೆಯಲ್ಲಿ ನಗು ಎದ್ದಿತು. ಪ್ರಾಂಶುಪಾಲರೂ ನಕ್ಕರು, ಬರೆದೂ ಕೊಟ್ಟರು.

ನಾಗಮಣಿಯ ಫಲಿತಾಂಶ ಬಂದದ್ದು ಪ್ರವೇಶದ ವಾರಕ್ಕೆ ಸ್ವಲ್ಪ ಮೊದಲು. ಗೀಟು ಎಳೆದಿದ್ದ ಐದು ಪುಟಗಳನ್ನು ಬೇರೊಬ್ಬರು ಓದಿದ್ದರು. ಅವಳು ಪಾಸಾಗಿದ್ದಳು, ಒಳ್ಳೆಯ ಅಂಕದಲ್ಲೇ. ನನ್ನ ಪತ್ರವನ್ನು ಯಾರಾದರೂ ಓದಿದರೋ ಇಲ್ಲವೋ ಗೊತ್ತಾಗಲೇ ಇಲ್ಲ. ಅವಳ ಮನೆಯಲ್ಲಿ ಮದುವೆಯ ಮಾತು ನಿಂತಿತು. ಬಿ.ಎಡ್. ಸೇರುವ ಮುಂಚಿನ ಆ ಒಂದು ವಾರ ಅವಳೂ ಮಾದೇಶನೂ ದಿನವೂ ಬಂದು ನನ್ನ ಮೇಜಿನ ಹಿಂದೆ ನಿಂತರು.

ಕೊನೆಗೆ ಎಷ್ಟು ಮಕ್ಕಳು ಬಂದರು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಹದಿನೇಳು. ನಾನು ನಿವೃತ್ತಳಾಗುವವರೆಗೆ ಆ ಪತ್ರಿಕೆ ನಿಲ್ಲಲಿಲ್ಲ. ಆದರೆ ಆ ವಾರದಲ್ಲಿ ನನಗೆ ಮುಖ್ಯವಾದದ್ದು ಮೂರನೆಯ ದಿನ.

ಆವತ್ತು ಕುದೇರಿನ ರೈತರೊಬ್ಬರು ಮಗಳ ಜೊತೆ ಬಂದರು. ಹೆಸರು ಪುಟ್ಟಬಸಪ್ಪ. ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದ ಮಗಳು ಸೌಮ್ಯ, ಅರ್ಜಿಯನ್ನು ಎದೆಗವಚಿಕೊಂಡು ಅಪ್ಪನ ಹಿಂದೆ ನಿಂತಿದ್ದಳು. ಅವರು ಮೇಜಿನ ಮೇಲಿದ್ದ ಭೂಪಟವನ್ನು ನೋಡಿ ನಿಂತರು.

"ಇದ ಓದುದ್ರೆ ಏನ್ ಸಿಕ್ಕದು ಮೇಡಮ್ಮೋರೆ?"

"ಕೆಲಸ ಸಿಗುತ್ತೆ ಅಂತ ನಾನು ಹೇಳಲ್ಲ ಯಜಮಾನ್ರೇ. ಹೊರಗಿನ ದೇಶಗಳು ಗುಂಪು ಕಟ್ಟಿಕೊಂಡು ಹೇಗೆ ತೀರ್ಮಾನ ಮಾಡ್ತವೆ ಅಂತ ಗೊತ್ತಾಗುತ್ತೆ."

"ಮಾಡ್ಕಂಡ್ರೆ ಮಾಡ್ಕಳ್ಲಿ ಬುಡಿ, ನಮ್ಗೇನ್ ಆಗ್ಬೇಕು" ಎಂದು ಹೊರಡಲು ತಿರುಗಿದರು. ನಾನು ಏನು ಹೇಳುವುದೆಂದು ಯೋಚಿಸುವಷ್ಟರಲ್ಲಿ ನಾಗಮಣಿ ಮುಂದೆ ಬಂದಳು.

"ಮಾವ, ನಿಮ್ದು ಏನ್ ಬೆಳೆ?"

"ಅರಿಸ್ನ ಕಣವ್ವ."

"ಈ ಸಲ ಎಂಗಾಯ್ತು?"

ಅವರು ನಿಂತರು. ಮುಖ ಗಂಟಾಯಿತು. "ಏನ್ ಏಳನ. ಯಾಪಾರದೋನು ಮೊದ್ಲು ತಕತೀನಿ ಅಂದ, ಆಮೇಲೆ ಬೆಳೆಗ್ ಒಡ್ಯೋ ಔಸ್ದಿ ಜಾಸ್ತಿ ಅದ, ಯೂರೋಪ್ನೋರು ಬ್ಯಾಡ ಅಂತಾರೆ ಅಂತ ಬುಟ್ಬುಟ್ಟ. ಯಾವ್ ಔಸ್ದಿ, ಎಷ್ಟ್ ಜಾಸ್ತಿ, ಅಳ್ದೋನು ಯಾರು ಅಂದ್ರೆ ಬಾಯೇ ಬುಡ್ನಿಲ್ಲ."

"ಅದ್ರಲ್ಲಿ ಅವ್ರು ಎಲ್ರೂ ಒಂದೇ ಬಾಯಿ ಮಾವ. ಯುದ್ಧ ಗಿದ್ಧ ಅಂದ್ರೆ ಒಬ್ಬೊಬ್ರು ಒಂದೊಂದ್ ಕಡೀಕೆ ಎಳೀತಾರೆ, ಅರಿಸ್ನಕ್ಕೆ ಅಂಗಲ್ಲ. ಎಲ್ಲಾ ದೇಸಕ್ಕೂ ಒಂದೇ ಕಾನೂನು. ಯಾವ್ ಔಸ್ದಿ ಎಷ್ಟಿರ್ಬೋದು ಅಂತ ಬರ್ದು ಇಟ್ಟಿರ್ತಾರೆ."

"ಬರ್ದವ್ರಾ?"

"ಹೂಂ. ಯಾರ್ ಬೇಕಾದ್ರೂ ತೆಗ್ದು ಓದ್ಬೋದು."

ಪುಟ್ಟಬಸಪ್ಪನವರು ಭೂಪಟದ ಕಡೆ ಮತ್ತೊಮ್ಮೆ ನೋಡಿದರು. ಯುರೋಪು ಎಲ್ಲಿದೆ ಎಂದು ಕೇಳಿದರು. ಸೌಮ್ಯ ಅಪ್ಪನ ಹಿಂದಿನಿಂದಲೇ ಕೈಚಾಚಿ ತೋರಿಸಿದಳು. ಅವರು ಅಷ್ಟು ದೂರವನ್ನು ಬೆರಳಿನಲ್ಲಿ ಅಳೆದರು.

"ನಾನಂತೂ ಓದ್ನಿಲ್ಲ. ಬ್ಯಾಡ ಅಂದೋರು ಯಾರು, ಯಾಕ್ ಅಂದ್ರು ಅಂತ ನೀನಾದ್ರೂ ತಿಳ್ಕ ಕಣಮ್ಮಿ" ಎಂದು ಮಗಳ ಕೈಯಿಂದ ಅರ್ಜಿ ತೆಗೆದು ನನ್ನ ಮುಂದೆ ಇಟ್ಟರು. ಸೌಮ್ಯ ಮೊದಲು ಬರೆದಿದ್ದ ವಿಷಯವನ್ನು ಹೊಡೆದು ನಮ್ಮ ಪತ್ರಿಕೆಯ ಹೆಸರು ಬರೆದಳು. ಅಪ್ಪ ಕೆಳಗೆ ನಿಧಾನವಾಗಿ ಸಹಿ ಮಾಡಿದರು. ಅದು ಆ ವಾರದ ಆರನೆಯ ಹೆಸರು.

"ಕಲಾಸು ಯಾವತ್ನಿಂದ ಮೇಡಮ್ಮೋರೆ?"

ಹದಿನೈದಕ್ಕೆ ಇನ್ನೂ ಒಂಬತ್ತು ಬೇಕಿತ್ತು. ವೇಳಾಪಟ್ಟಿಯಲ್ಲಿ ನಮ್ಮ ಪತ್ರಿಕೆಗೆ ಕೋಣೆಯೇ ಕೊಟ್ಟಿರಲಿಲ್ಲ. ಪ್ರಾಂಶುಪಾಲರು ತಮ್ಮ ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದರು.

"ಸೋಮವಾರದಿಂದ" ಎಂದೆ, ಅವರಿಗೂ ಕೇಳಿಸುವ ಹಾಗೆ.